ಅದು ಗೊತ್ತಾದದ್ದು ಹೇಗೆ?

ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ನಮ್ಮ ಕ್ಷೀರಪಥದ ಅಡ್ಡಳತೆ ಲಕ್ಷ ಜ್ಯೋತಿರ್ವರ್ಷದ ಆಸುಪಾಸು. ಅದರೊಳಗಿನ ನಕ್ಷತ್ರಗಳು ಹತ್ತು ಸಾವಿರ ಕೋಟಿಗೂ ಹೆಚ್ಚು. ಇಂಥ ಮೂರು ವಾಕ್ಯ ಒಟ್ಟಿಗೆ ಓದಿದರೆ, ನಿಜ ಹೇಳುತ್ತೇನೆ, ನನಗೆ ಏನೂ ಆಗುವುದಿಲ್ಲ. ಮೊದಲ ನಾಲ್ಕಾರು ಸೊನ್ನೆಗಳಿಗೆ ಕಣ್ಣರಳುತ್ತದೆ, ಆಮೇಲಿನವಕ್ಕೆ ಆಕಳಿಕೆ ಬರುತ್ತದೆ.

ಆದರೂ ವಿಶ್ವದ ಬಗ್ಗೆ ಜನಸಾಮಾನ್ಯರಿಗೆಂದು ಬರೆಯುವವರು ಬೆರಗು ಹುಟ್ಟಿಸಲು ನೆಚ್ಚುವುದು ಹೆಚ್ಚಾಗಿ ಈ ಗಾತ್ರವನ್ನೇ. ಸೊನ್ನೆಗಳ ಮೆರವಣಿಗೆ ಮುಗಿದ ಮೇಲೆ, ಇಷ್ಟು ದೊಡ್ಡ ಬ್ರಹ್ಮಾಂಡದಲ್ಲಿ ನಾವೆಷ್ಟು ಚಿಕ್ಕವರು ಎಂಬ ನಿಟ್ಟುಸಿರು. ನಾವು ಚಿಕ್ಕವರೆಂದು ತಿಳಿಯಲು ಆಕಾಶವನ್ನೇ ನೋಡಬೇಕೆಂದಿಲ್ಲ, ಪಹಣಿ ತಿದ್ದುಪಡಿಗೆ ಯಾವುದೇ ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ನಿಂತರೂ ಸಾಕು. ನನ್ನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಬೇರೆ: ಇಷ್ಟು ಚಿಕ್ಕವರಿಗೆ ಅದೆಲ್ಲ ಗೊತ್ತಾದದ್ದು ಹೇಗೆ?

ಆಂಡ್ರೊಮೆಡಾ ಗೆಲಾಕ್ಸಿಯನ್ನೇ ತೆಗೆದುಕೊಳ್ಳಿ. ಕಾರ್ತಿಕದ ಅಮಾವಾಸ್ಯೆಯ ಹೊತ್ತಿಗೆ, ರಾತ್ರಿ ಎಂಟರ ಸುಮಾರಿಗೆ, ಊರಾಚೆಯ ಗಟ್ಟಿ ಕತ್ತಲಲ್ಲಿ ಉತ್ತರಕ್ಕೆ ಮುಖ ಮಾಡಿ ಕತ್ತೆತ್ತಿದರೆ, ಉತ್ತರಾಭಾದ್ರೆಯಿಂದ ಸ್ವಲ್ಪ ಆಚೆ ಒಂದು ಮಸುಕು ಕಲೆ ಬರಿಗಣ್ಣಿಗೇ ಕಾಣುತ್ತದೆ. ದೂರ 25 ಲಕ್ಷ ಜ್ಯೋತಿರ್ವರ್ಷ. ಈ ಅಂಕಿಯನ್ನು ಹೇಳಿ ಮುಂದಕ್ಕೆ ಓಡುವ ಲೇಖನಗಳು ಬೇಕಾದಷ್ಟಿವೆ. ಆದರೆ 1920ರಲ್ಲಿ ಆ ಕಲೆ ನಮ್ಮ ಕ್ಷೀರಪಥದೊಳಗಿದೆಯೋ ಹೊರಗಿದೆಯೋ ಎಂಬುದೇ ಇತ್ಯರ್ಥವಾಗದೆ, ವಾಷಿಂಗ್ಟನ್ನಿನಲ್ಲಿ ಶೇಪ್ಲಿ ಮತ್ತು ಕರ್ಟಿಸ್ ಎಂಬ ಇಬ್ಬರು ಖಗೋಳಜ್ಞರು ಎದುರುಬದುರಾಗಿ ವಾದ ಮಂಡಿಸಿದ್ದರು.

ವಾದವನ್ನು ಮುಗಿಸಲು ಬೇಕಾದ ಅಳತೆಗೋಲು ಅದಕ್ಕೂ ಮೊದಲೇ ಸಿಕ್ಕಿತ್ತು. ಅದು ಹೆನ್ರಿಯೆಟಾ ಲೆವಿಟ್ ಎಂಬಾಕೆಯ ಕೆಲಸ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆಕೆಗೆ ಗಂಟೆಗೆ 30 ಸೆಂಟ್ ಸಂಬಳ, ಕಿವಿ ಮಂದ. ಪೆರು ದೇಶದ ಅರೆಕಿಪಾದಲ್ಲಿ ತೆಗೆದ ಗಾಜಿನ ಛಾಯಾಫಲಕಗಳು ಆಕೆಯ ಮೇಜಿಗೆ ಬರುತ್ತಿದ್ದವು. ನೆಗೆಟಿವ್ ಆದ್ದರಿಂದ ಅಲ್ಲಿ ಆಕಾಶವೆಲ್ಲ ತಿಳಿ, ನಕ್ಷತ್ರಗಳು ಕರಿಯ ಚುಕ್ಕೆ. ಬೇರೆ ಬೇರೆ ರಾತ್ರಿಗಳ ಫಲಕಗಳನ್ನು ಹೋಲಿಸಿ ಯಾವ ಚುಕ್ಕೆ ಹಿಗ್ಗಿತು, ಯಾವುದು ಕುಗ್ಗಿತು ಎಂದು ಗುರುತು ಹಾಕುವುದು ಆಕೆಯ ದಿನನಿತ್ಯದ ಕೆಲಸ. 1908ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಹೀಗೆ ಹೊಳಪು ಬದಲಿಸುವ ತಾರೆಗಳು 1777 ಇದ್ದವು. ಅವುಗಳಲ್ಲಿ ಸೆಫೀಡ್ ಎಂಬ ಬಗೆಯ 25 ತಾರೆಗಳನ್ನು ಆರಿಸಿಕೊಂಡು 1912ರಲ್ಲಿ ಆಕೆ ಒಂದು ನಿಯಮ ತೋರಿಸಿದಳು: ಹೊಳಪು ಏರಿ ಇಳಿಯಲು ಹೆಚ್ಚು ದಿನ ಹಿಡಿಯುವ ತಾರೆ ನಿಜಕ್ಕೂ ಹೆಚ್ಚು ಪ್ರಕಾಶದ ತಾರೆ. ದೂರದ ತೋಟದ ಮನೆಯ ಬಲ್ಬು ಎಷ್ಟು ವ್ಯಾಟಿನದೆಂದು ಗೊತ್ತಿದ್ದರೆ, ಅದು ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ ಲೆಕ್ಕ ಹಾಕಬಹುದಲ್ಲ? ಲೆವಿಟ್ ನಕ್ಷತ್ರಗಳ ವ್ಯಾಟ್ ಓದುವುದನ್ನು ಕಲಿಸಿದಳು. ಇನ್ನು ಯಾರಾದರೂ ಆ ಮಸುಕು ಕಲೆಯೊಳಗೆ ಅಂಥದೊಂದು ತಾರೆಯನ್ನು ಹುಡುಕಬೇಕಿತ್ತು.

1923ರ ಅಕ್ಟೋಬರ್‌ನಲ್ಲಿ ಮೌಂಟ್ ವಿಲ್ಸನ್ನಿನ ನೂರು ಇಂಚಿನ ದೂರದರ್ಶಕದಿಂದ ಎಡ್ವಿನ್ ಹಬಲ್ ತೆಗೆದ ಫಲಕ ಇವತ್ತಿಗೂ ಉಳಿದಿದೆ. ಅದರ ಚಿತ್ರ ಯಾರು ಬೇಕಾದರೂ ನೋಡಬಹುದು. ಹಬಲ್ ಹುಡುಕುತ್ತಿದ್ದದ್ದು ನೋವಾಗಳನ್ನು, ಅಂದರೆ ಇದ್ದಕ್ಕಿದ್ದಂತೆ ಭಗ್ಗನೆ ಬೆಳಗುವ ತಾರೆಗಳನ್ನು. ಅಂಥ ಮೂರು ಕಡೆ ಗಾಜಿನ ಮೇಲೆ ಶಾಯಿಯಲ್ಲಿ ‘ಎನ್’ ಎಂದು ಗುರುತು ಮಾಡಿದ್ದ. ಹಳೆಯ ಫಲಕಗಳ ಜೊತೆ ಹೋಲಿಸಿದಾಗ ಅವುಗಳಲ್ಲೊಂದು ನೋವಾ ಅಲ್ಲ, ಹೊಳಪು ಬದಲಿಸುವ ತಾರೆ ಎಂದು ತಿಳಿಯಿತು. ಆ ‘ಎನ್’ ಅನ್ನು ಹೊಡೆದುಹಾಕಿ ಪಕ್ಕದಲ್ಲಿ ಮೂರೇ ಇಂಗ್ಲಿಷ್ ಅಕ್ಷರದಲ್ಲಿ ‘ವಾರ್’ (ವೇರಿಯಬಲ್) ಎಂದು ಬರೆದ, ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದ. ಅದರ ಏರಿಳಿತಕ್ಕೆ 31 ದಿನ. ಲೆಕ್ಕ ಹಾಕಿದರೆ ದೂರ ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷ! ಕಲೆ ನಮ್ಮದಲ್ಲ, ಬೇರೆಯದೇ ಗೆಲಾಕ್ಸಿ. (ಅಳತೆಗೋಲನ್ನು ತಿದ್ದಿ ತಿದ್ದಿ ಒಂಬತ್ತು ಲಕ್ಷ 25 ಲಕ್ಷವಾದದ್ದು ಆಮೇಲಿನ ಮಾತು.) ಲೆವಿಟ್ ಅದಾಗಲೇ, 1921ರಲ್ಲಿ, ತೀರಿಕೊಂಡಿದ್ದಳು.

ಖಗೋಳದ ಲೇಖನಗಳಲ್ಲಿ ಸಾಲಿಗೊಂದರಂತೆ ಚೆಲ್ಲುವ ಆಶ್ಚರ್ಯಸೂಚಕಗಳೆಲ್ಲ ಸೇರಿದರೂ ಆ ಗಾಜಿನ ಮೇಲಿನ ಒಂದಕ್ಕೆ ಸಮನಾಗವು. ಹಬಲ್ ಅದನ್ನು ಹಾಕಿದ್ದು ದೊಡ್ಡದೊಂದು ಅಂಕಿಗಲ್ಲ. ಅಳೆಯಲು ಈಗ ದಾರಿ ಸಿಕ್ಕಿತು ಎಂಬುದಕ್ಕೆ.

ಈ ದಾರಿಯನ್ನು ಓದುಗರಿಗೆ ತೋರಿಸಿದ ಪುಸ್ತಕಗಳು ಇಲ್ಲವೆಂದಲ್ಲ. ಸ್ಟೀವನ್ ವೈನ್‌ಬರ್ಗ್ 1977ರಲ್ಲಿ ವಿಶ್ವದ ಮೊದಲ ಮೂರು ನಿಮಿಷಗಳ ಬಗ್ಗೆ ಬರೆದಾಗ, ತನ್ನ ಓದುಗ ಒಬ್ಬ ಚುರುಕಾದ ಹಿರಿಯ ವಕೀಲ ಎಂದು ಭಾವಿಸಿಕೊಂಡಿದ್ದ. ವಕೀಲರು ಭೌತವಿಜ್ಞಾನ ಓದಿರುವುದಿಲ್ಲ, ಆದರೆ ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪುವುದಿಲ್ಲ. 1988ರ ಹಾಕಿಂಗ್ ಪುಸ್ತಕ ಕೋಟಿಗೂ ಮೀರಿ ಖರ್ಚಾಯಿತು. ಕೊಂಡವರೆಲ್ಲ ಕೊನೆಯ ಪುಟ ಮುಟ್ಟಿದರೆಂದು ಮಾತ್ರ ನಾನು ನಂಬುವುದಿಲ್ಲ. ನಮ್ಮಲ್ಲಿ ಜಿ.ಟಿ. ನಾರಾಯಣರಾಯರ ‘ನಕ್ಷತ್ರ ವೀಕ್ಷಣೆ’ ಕೈಯಲ್ಲಿ ಹಿಡಿದವರು ಪುಸ್ತಕ ಮುಚ್ಚಿಟ್ಟು ಅಂಗಳಕ್ಕಿಳಿಯದೆ ಗತ್ಯಂತರವಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಗುಣ.

ಇನ್ನು ಮೌಂಟ್ ವಿಲ್ಸನ್ನಿನಷ್ಟು ದೂರ ಹೋಗುವುದೂ ಬೇಡ. ವಿಶ್ವದಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಸುಳಿವು ಆಗಿನ ಹೈಡ್ರೋಜನ್ ಅನಿಲದಲ್ಲಿ ಉಳಿದಿರಬೇಕು. ಹೈಡ್ರೋಜನ್ನಿನ 21 ಸೆಂಟಿಮೀಟರಿನ ರೇಡಿಯೋ ತರಂಗ, ವಿಶ್ವ ಹಿಗ್ಗುತ್ತಾ ಬಂದಂತೆ ತಾನೂ ಹಿಗ್ಗಿ, ನಮ್ಮನ್ನು ತಲುಪುವಾಗ ನಾಲ್ಕು ಮೀಟರಿನ ಹತ್ತಿರ ಆಗಿರುತ್ತದೆ. 2018ರಲ್ಲಿ ಅಮೆರಿಕದ ತಂಡವೊಂದು ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಆಂಟೆನಾದಿಂದ ಈ ಸುಳಿವು ಸಿಕ್ಕಿತೆಂದು ಪ್ರಕಟಿಸಿತು. ಅದು ಎಲ್ಲರ ನಿರೀಕ್ಷೆಗಿಂತ ಎಷ್ಟೋ ಪ್ರಬಲವಾಗಿತ್ತು. ಅದನ್ನು ವಿವರಿಸಲು ಹೊಸ ಭೌತವಿಜ್ಞಾನವೇ ಬೇಕೇನೋ ಎಂಬ ಚರ್ಚೆ ಶುರುವಾಯಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಲು ‘ಸರಸ್’ ಎಂಬ ಉಪಕರಣ ಕಟ್ಟಿಕೊಂಡು ಹೋದದ್ದು ನೀರಿಗೆ. ನೆಲದಡಿಯ ಕಲ್ಲುಮಣ್ಣಿನ ಪದರಗಳು ರೇಡಿಯೋ ತರಂಗವನ್ನು ಒಂದೊಂದು ರೀತಿಯಲ್ಲಿ ಹಿಂದಿರುಗಿಸಿ ಲೆಕ್ಕ ಕೆಡಿಸುತ್ತವೆ. ನೀರಿಗೆ ಆ ರಗಳೆಯಿಲ್ಲ, ಅದು ಆಳದವರೆಗೂ ಒಂದೇ ಥರ. ಎಫ್‌ಎಂ ಕೇಂದ್ರಗಳ ಗದ್ದಲವೂ ದೂರ ಇರಬೇಕು. ಹಾಗಾಗಿ 2020ರ ಮೊದಲ ತಿಂಗಳುಗಳಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ ಮತ್ತು ಶರಾವತಿ ಹಿನ್ನೀರಿನಲ್ಲಿ, ತೆಪ್ಪದ ಮೇಲೆ ಶಂಕುವಿನಾಕಾರದ ಆಂಟೆನಾ ಇಟ್ಟು ತೇಲಿಬಿಟ್ಟರು. ಮೊದಲ ನಕ್ಷತ್ರಗಳ ಸುದ್ದಿಯನ್ನು ಅಲ್ಲಿ ಕುಳಿತು ಕೇಳುವುದು ಅವರ ಉದ್ದೇಶ. ಕೇಳಿಸಿದ್ದು ಏನು? ಆಸ್ಟ್ರೇಲಿಯಾದಲ್ಲಿ ಕಂಡಂಥ ಸಂಕೇತ ಅಲ್ಲಿ ಇರಲಿಲ್ಲ. 2022ರಲ್ಲಿ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ, ಶೇ 95ರ ಭರವಸೆಯೊಂದಿಗೆ, ಹಾಗೆಂದು ಬರೆದರು.

‘ಸಿಕ್ಕಿತು’ ಎಂಬ ಸುದ್ದಿಗೆ ಸಿಗುವ ಮರ್ಯಾದೆ ‘ಇಲ್ಲ’ ಎಂಬ ಸುದ್ದಿಗೆ ಸಿಗುವುದಿಲ್ಲ. ಜನಪ್ರಿಯ ವಿಜ್ಞಾನದ ಬರವಣಿಗೆಯಲ್ಲಿ ನನಗೆ ದೊಡ್ಡ ಕೊರತೆಯಾಗಿ ಕಾಣುವುದು ಇದೇ. ಬ್ರಹ್ಮಾಂಡದ ಬಗ್ಗೆ ಒಂದು ‘ಇಲ್ಲ’ವನ್ನು ಧೈರ್ಯವಾಗಿ ಹೇಳಲು ಎಷ್ಟು ಜತನ ಬೇಕು! ಆ ತೆಪ್ಪದಲ್ಲಿ ನನಗೆ ಸಿಗುವ ಬೆರಗು ಹತ್ತು ಸಾವಿರ ಕೋಟಿ ನಕ್ಷತ್ರಗಳ ಎಣಿಕೆಯಲ್ಲಿ ಸಿಕ್ಕಿಲ್ಲ.

ವಿಶ್ವದ ಕಥೆಯನ್ನು ಕನ್ನಡದ ಮಕ್ಕಳಿಗೆ ಹೇಳಹೊರಟ ಲೇಖಕರಲ್ಲಿ, ಮೇಷ್ಟರುಗಳಲ್ಲಿ ಒಂದು ಕೋರಿಕೆ: ಮಹಾಸ್ಫೋಟದಿಂದ ಶುರುಮಾಡಬೇಡಿ. ದಂಡಿಗಾನಹಳ್ಳಿ ಕೆರೆಯಿಂದ ಶುರುಮಾಡಿ.