‘ಹೇಗೆ ಬಂತು?’ ಎಂಬ ಪ್ರಶ್ನೆ



ನೆರೆಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ನೀವು ಏನು ಕೇಳುತ್ತೀರಿ? ಎಷ್ಟಿದೆ, ಯಾವ ಡಾಕ್ಟರು, ಅನ್ನ ಬಿಟ್ಟಿದ್ದಾರಾ ಎಂದು. ಹೃದಯದ ಕಾಯಿಲೆ ಎಂದರೆ ಹಣ್ಣು ಹಿಡಿದುಕೊಂಡು ನೋಡಲು ಹೋಗುತ್ತೀರಿ. ಅದೇ ಅಜ್ಜಿಗೆ ಎಚ್.ಐ.ವಿ. ಸೋಂಕಿದೆ ಎಂದು ಕಿವಿಗೆ ಬಿದ್ದರೆ? ಮೊದಲು ಬರುವ ಪ್ರಶ್ನೆ ಒಂದೇ: ಈ ವಯಸ್ಸಿನಲ್ಲಿ ಇವರಿಗೆ ಹೇಗೆ ಬಂತು? ಬಾಯಿ ಕೇಳದಿದ್ದರೂ ಮನಸ್ಸು ಕೇಳಿಬಿಡುತ್ತದೆ. ನನ್ನ ಮನಸ್ಸೂ ಕೇಳುತ್ತದೆ, ಸುಳ್ಳೇಕೆ ಹೇಳಲಿ.

ಈ ಪ್ರಶ್ನೆ ಹಳೆಯದು. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ವಿಚಾರಿಸಿದ್ದೂ ಇದನ್ನೇ: ಪಾಪ ಮಾಡಿದ್ದು ಯಾರು, ಇವನೋ ಇವನ ಹೆತ್ತವರೋ ಎಂದು. ಯೇಸುಸ್ವಾಮಿ ಇಬ್ಬರ ಮೇಲೂ ದೋಷ ಹೊರಿಸಲಿಲ್ಲ. ಕೆಸರು ಮಾಡಿ ಅವನ ಕಣ್ಣಿಗೆ ಹಚ್ಚಿದರು.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಅಂದಿನಿಂದ ಎಚ್ಚರಿಕೆಯ ಮಾತುಗಳೆಲ್ಲ ಹೆಚ್ಚಾಗಿ ಯುವಕರಿಗೆ, ಲಾರಿ ಚಾಲಕರಿಗೆ, ಗರ್ಭಿಣಿಯರಿಗೆ ಮೀಸಲು. ಸೋಂಕಿನ ಪ್ರಮಾಣ ಹೇಳುವಾಗಲೂ ಸಾಮಾನ್ಯವಾಗಿ ಮುಂದಿಡುವುದು 15ರಿಂದ 49 ವಯಸ್ಸಿನವರ ಅಂಕಿಯನ್ನು. ಐವತ್ತು ದಾಟಿದವರು ಆ ಲೆಕ್ಕದ ಆಚೆ ನಿಲ್ಲುತ್ತಾರೆ. ಆದರೆ 2004ರ ಏಪ್ರಿಲ್‌ನಿಂದ ಸರ್ಕಾರ ಎ.ಆರ್.ಟಿ. ಚಿಕಿತ್ಸೆಯನ್ನು ಉಚಿತವಾಗಿ ಕೊಡತೊಡಗಿದ ಮೇಲೆ, ಸಾಯಬೇಕಿದ್ದವರು ಬದುಕಿದರು. ಅಂದು ನಲವತ್ತರ ಹೆಂಗಸು ಇಂದು ಅರವತ್ತು ದಾಟಿದ್ದಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ಇನ್ನು ಕೆಲವರಿಗೆ ಸೋಂಕು ತಗಲುವುದೇ ಐವತ್ತರ ನಂತರ. ಸಂಗಾತಿಯನ್ನು ಕಳೆದುಕೊಂಡ ಒಂಟಿತನ ಇರುತ್ತದೆ, ಬಸಿರಾಗುವ ಭಯವಿಲ್ಲವೆಂದು ಎಚ್ಚರವೂ ಇರುವುದಿಲ್ಲ. ಈ ಮಾತನ್ನು ಇಂಥ ಪುಟದಲ್ಲಿ ಹೇಳಬೇಕೇ ಎಂದು ಯಾರಾದರೂ ಕೇಳಬಹುದು. ಹೇಳಲೇಬೇಕು.

ಇಲ್ಲಿ ನನ್ನನ್ನು ಕಾಡುವುದು ನಮ್ಮ ಗೌರವವೇ. ಹಿರಿಯರನ್ನು ಕಂಡರೆ ಎದ್ದು ನಿಲ್ಲುತ್ತೇವೆ; ಒಳ್ಳೆಯದು. ಆದರೆ ಅದರ ಜೊತೆಗೇ ಇವರಿಗೆ ಆಸೆಯಿಲ್ಲ, ಒಂಟಿತನವಿಲ್ಲ, ಹಿಂದೊಂದು ಬದುಕೂ ಇರಲಿಲ್ಲ ಎಂದು ತೀರ್ಮಾನಿಸಿಬಿಡುತ್ತೇವೆ. ತೂಕ ಇಳಿದರೆ, ಜ್ವರ ಬಿಟ್ಟುಬಿಟ್ಟು ಬಂದರೆ, ಸುಸ್ತು ಮರೆವು ಕಂಡರೆ “ವಯಸ್ಸಾಯಿತಲ್ಲ” ಎನ್ನುತ್ತೇವೆ. ನರೆಗೂದಲು ಕಂಡ ವೈದ್ಯರಿಗೂ ಆ ರಕ್ತಪರೀಕ್ಷೆ ಬರೆಯಲು ಮುಜುಗರ, ಇಲ್ಲವೇ ಅದು ನೆನಪಾಗುವುದೇ ಇಲ್ಲ. ಕ್ಷಯವೋ ನ್ಯುಮೋನಿಯಾವೋ ಹಿಡಿದು ಮಲಗಿದ ಮೇಲೆ ಸತ್ಯ ಹೊರಬೀಳುತ್ತದೆ. ಹಿರಿಯರೆಂದು ನಾವು ಕೊಟ್ಟ ಎತ್ತರದ ಪೀಠದಿಂದ ಇಳಿದು ಬಂದು “ನನಗೆ ಹೀಗಾಗಿದೆ” ಎಂದು ಹೇಳುವುದು ಅವರಿಗೆ ಎಷ್ಟು ಕಷ್ಟವೆಂದು ಯೋಚಿಸಿದ್ದೇವೆಯೇ?

ಹೀಗೊಬ್ಬ ತಾಯಿ ಇದ್ದಾರೆಂದುಕೊಳ್ಳೋಣ. ನಿಮ್ಮ ದೇವಾಲಯದಲ್ಲಿಯೇ, ಕೊನೆಯ ಬೆಂಚಿನಲ್ಲಿ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಟಿ.ಬಿ. ಎಂದು ಊರಿಗೆ ಹೇಳಿದ್ದರು. ತಿಂಗಳಿಗೊಮ್ಮೆ ಬೆಳಗಿನ ಬಸ್ಸಿಗೆ ಜಿಲ್ಲಾಸ್ಪತ್ರೆಗೆ ಹೋಗುತ್ತಾರೆ. ಮಾತ್ರೆಯ ಡಬ್ಬಿಯ ಚೀಟಿ ಕಿತ್ತು, ಮಾತ್ರೆಗಳನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ಸುರಿದಿಟ್ಟುಕೊಳ್ಳುತ್ತಾರೆ. ಸೊಸೆ ಕೇಳಿದರೆ ಬಿ.ಪಿ. ಮಾತ್ರೆ. ನೆಂಟರ ಮನೆಯಲ್ಲಿ ರಾತ್ರಿ ತಂಗುವುದಿಲ್ಲ. ಮಾತ್ರೆ ನುಂಗುವುದನ್ನು ಯಾರಾದರೂ ಕಂಡಾರೆಂದು. ಒಂದು ದಿನ ಗೊತ್ತಾದರೆ ತಟ್ಟೆ ಬೇರೆಯಾಗುತ್ತದೆ, ಮೊಮ್ಮಗುವನ್ನು ಮಡಿಲಿನಿಂದ ಎತ್ತಿಕೊಳ್ಳುತ್ತಾರೆ ಎಂಬುದು ಅವರ ಭಯ. ನಿಜವೇನೆಂದರೆ ತಟ್ಟೆಯಿಂದ, ಮುತ್ತಿನಿಂದ, ಅಪ್ಪುಗೆಯಿಂದ ಈ ಸೋಂಕು ಹರಡುವುದೇ ಇಲ್ಲ. ಕ್ರಮವಾಗಿ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದವರಿಂದ ದಾಂಪತ್ಯದಲ್ಲೂ ಹರಡುವುದಿಲ್ಲ. ಇದು ಸೊಸೆಗೆ ಗೊತ್ತಿಲ್ಲ. ಬಹುಶಃ ಆ ತಾಯಿಗೂ ಯಾರೂ ಬಿಡಿಸಿ ಹೇಳಿಲ್ಲ.

1987ರ ಸೆಪ್ಟೆಂಬರ್‌ನಲ್ಲಿ, ಜನ ಮುಟ್ಟಲೂ ಹೆದರುತ್ತಿದ್ದ ಕಾಲದಲ್ಲಿ, ಪೋಪ್ ಎರಡನೆಯ ಜಾನ್ ಪೌಲರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಏಡ್ಸ್ ಪೀಡಿತ ಪುಟ್ಟ ಬಾಲಕನೊಬ್ಬನನ್ನು ಅಪ್ಪಿಕೊಂಡರು. ಮಗುವನ್ನು ಅಪ್ಪುವುದು ನಮಗೂ ಸುಲಭ. ಅದು ನಿರಪರಾಧಿ ಎಂದು ಎಲ್ಲರಿಗೂ ಗೊತ್ತು. ಅರವತ್ತೈದರ ಮುದುಕನೊಬ್ಬ ಬಂದಾಗಲೇ ನಮ್ಮ ಕೈ ಅರ್ಧಕ್ಕೆ ನಿಂತು ಹಳೆಯ ಪ್ರಶ್ನೆ ಕೇಳುವುದು.

ಇಲ್ಲೊಂದು ತೊಡಕಿದೆ. ಗೊತ್ತಿಲ್ಲದೆ ನೆರವಾಗುವುದು ಹೇಗೆ? ಆದರೆ ಹೇಳಲೇಬೇಕೆಂಬ ಋಣ ಅವರಿಗೆ ನಮ್ಮ ಮೇಲಿಲ್ಲ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾನೂನು 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದು ತಾರತಮ್ಯವನ್ನು ನಿಷೇಧಿಸುತ್ತದೆ, ಗುಟ್ಟನ್ನು ಕಾಪಾಡುತ್ತದೆ. ಕರುಣೆಯ ಹೆಸರಿನಲ್ಲಿ “ಇಂಥವರಿಗಾಗಿ ಪ್ರಾರ್ಥಿಸೋಣ” ಎಂದು ಹೆಸರು ಹೇಳಿ ಕೂಟದಲ್ಲಿ ಬಯಲು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗಾದರೆ ಗುಟ್ಟು ಕೇಳದೆಯೇ ಮಾಡಬಹುದಾದ ಕೆಲಸಗಳನ್ನು ನೋಡೋಣ. ಮನೆಯ ಹಿರಿಯರಿಗೆ ಜ್ವರ, ತೂಕ ಇಳಿಕೆ ಬಿಡದಿದ್ದರೆ, ಅವರ ಒಪ್ಪಿಗೆ ಕೇಳಿ, ಬೇರೆ ಪರೀಕ್ಷೆಗಳ ಜೊತೆಗೆ ಇದನ್ನೂ ಮಾಡಿಸಿ. ಸರ್ಕಾರಿ ಆಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರದಲ್ಲಿ ಉಚಿತ. ಸಂದೇಹಗಳಿದ್ದರೆ 1097ಕ್ಕೆ ಫೋನ್ ಮಾಡಬಹುದು, ಹೆಸರು ಹೇಳಬೇಕಿಲ್ಲ. ಊಟದ ಹೊತ್ತಿನಲ್ಲಿ ಈ ರೋಗದ ಮಾತು ಬಂದಾಗ ನೀವು ಹಗುರವಾಗಿ ಆಡುವ ಒಂದು ಮಾತನ್ನು ಮೂಲೆಯಲ್ಲಿ ಕುಳಿತ ಅಜ್ಜಿ ಕೇಳಿಸಿಕೊಳ್ಳುತ್ತಿರಬಹುದು.

ಮುಂದಿನ ತಿಂಗಳು ಆ ತಾಯಿ ಬೆಳಗಿನ ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ. ನಿಮಗೂ ಪೇಟೆಯಲ್ಲಿ ಕೆಲಸವಿದ್ದರೆ ಜೊತೆಗೆ ಹತ್ತಿ, ಚೀಲ ಹಿಡಿದುಕೊಳ್ಳಿ. ಆಸ್ಪತ್ರೆಯ ಬಾಗಿಲಲ್ಲಿ “ಯಾವ ವಿಭಾಗ?” ಎಂದು ಕೇಳಬೇಡಿ. “ಇಲ್ಲೇ ಕಾಯ್ತಾ ಇರ್ತೀನಿ, ನಿಧಾನವಾಗಿ ಬನ್ನಿ ಅಮ್ಮ” ಎಂದರೆ ಸಾಕು.