ಯೋಗಿ, ಭೋಗಿ, ರೋಗಿ: ಹೊತ್ತಿನ ಲೆಕ್ಕ ಮತ್ತು ಮೈತೂಕ

“ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ಕೊಂಡು ಹೋಗಿ.”

ಊಟದ ಮಿತಿಯನ್ನು ಕುರಿತ ಕನ್ನಡದ ಗಾದೆಗಳಲ್ಲಿ ಇದರಷ್ಟು ಸಲೀಸಾಗಿ ನಾಲಗೆಯ ಮೇಲೆ ಬರುವವು ಕಡಿಮೆ. ಮೈ ಇಳಿಸಲು ಹೊರಟವರಿಗೆ ಮನೆಯ ಹಿರಿಯರು ಹೇಳುವ ಬುದ್ಧಿಮಾತೂ ಇದೇ, ಮೈ ಇಳಿಯದೆ ಹೋದಾಗ ನೆಂಟರಿಷ್ಟರು ಆಡುವ ಕುಚೋದ್ಯವೂ ಇದೇ. ರಾತ್ರಿಯ ಅನ್ನ ಬಿಟ್ಟು, ಕಾಫಿಗೆ ಸಕ್ಕರೆ ಬಿಟ್ಟು, ಬೆಳಗಾಗೆದ್ದು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದು, ಮೊದಲ ತಿಂಗಳು ಎರಡು ಮೂರು ಕಿಲೋ ಇಳಿದುದಕ್ಕೆ ಹಿಗ್ಗಿ, ಆಮೇಲೆ ತೂಕದ ಮುಳ್ಳು ನಿಂತಲ್ಲೇ ನಿಂತುದನ್ನು ಕಂಡು ಕುಗ್ಗಿದವರು ಈ ಗಾದೆಯನ್ನು ತಮ್ಮ ಮೇಲಿನ ತೀರ್ಪೆಂದೇ ಭಾವಿಸುವುದುಂಟು. ಆದ್ದರಿಂದ ಗಾದೆ ಹೇಳುವುದೇನು, ಹೇಳದೆ ಬಿಟ್ಟಿರುವುದೇನು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಮೇಲ್ನೋಟಕ್ಕೆ ಗಾದೆ ಊಟದ ಹೊತ್ತುಗಳನ್ನು ಎಣಿಸುತ್ತದೆ. ಎಣಿಕೆ ಏರಿದಂತೆ ಮನುಷ್ಯನ ದರ್ಜೆ ಇಳಿಯುತ್ತದೆ, ಕೊನೆಗೆ ಚಟ್ಟವೇರುತ್ತದೆ. ಆದರೆ ಇದನ್ನು ಅಕ್ಷರಶಃ ವಿಧಿಯೆಂದು ಹಿಡಿದರೆ ಒಂದು ಆಕ್ಷೇಪ ಏಳುತ್ತದೆ. ರಾಗಿ ಬೆಳೆಯುವ ಸೀಮೆಯಲ್ಲಿ ಬೆಳಿಗ್ಗೆ ಅಂಬಲಿಯೋ ತಂಗಳೋ, ಮಧ್ಯಾಹ್ನ ಮುದ್ದೆ ಸಾರು, ರಾತ್ರಿ ಮತ್ತೆ ಮುದ್ದೆ ಉಂಡು, ಹಗಲೆಲ್ಲ ಉಳುಮೆ, ಕಳೆ, ಕೊಯ್ಲು ಎಂದು ದುಡಿದ ಒಕ್ಕಲುಮಕ್ಕಳು ಮೂರು ಹೊತ್ತು ಉಂಡ ಮಾತ್ರಕ್ಕೆ ರೋಗಿಗಳಾದರೆಂದು ಯಾರೂ ಹೇಳಲಾರರು. ಹಾಗಾದರೆ ಗಾದೆ ಸುಳ್ಳೇ? ಶಾಸ್ತ್ರಗ್ರಂಥಗಳು ಲಕ್ಷಣಕ್ಕೂ ಸಾಧನಕ್ಕೂ ಭೇದ ಮಾಡುತ್ತವೆ: ಒಂದನ್ನು ಗುರುತು ಹಿಡಿಯಲು ನೆರವಾಗುವುದು ಲಕ್ಷಣ, ಅದನ್ನು ಪಡೆಯಲು ನೆರವಾಗುವುದು ಸಾಧನ. ಒಪ್ಪೊತ್ತಿನ ಊಟ ಯೋಗಿಯ ಲಕ್ಷಣವೇ ಹೊರತು ಯೋಗಿಯಾಗುವ ಸಾಧನವಲ್ಲ. ಓಡಾಟ, ನಿದ್ದೆ, ಸಂಸಾರ, ಚಿಂತೆ ಎಲ್ಲವನ್ನೂ ಬೇರೊಂದು ಕ್ರಮಕ್ಕೆ ಒಗ್ಗಿಸಿಕೊಂಡವನಿಗೆ ಒಂದು ಊಟ ಸಾಲುತ್ತದೆ. ಆ ಬದುಕನ್ನು ಬಿಟ್ಟು ಅದರ ಎಣಿಕೆಯನ್ನಷ್ಟೇ ಎರವಲು ತಂದು, ಹತ್ತು ತಾಸು ಕುರ್ಚಿಯ ಮೇಲೆ ಕುಳಿತು ದುಡಿಯುವ, ನಡುರಾತ್ರಿಯವರೆಗೆ ಎಚ್ಚರವಿರುವ ಬದುಕಿಗೆ ಅಂಟಿಸಿದರೆ ಅದು ನಿಲ್ಲುವುದು ಕಷ್ಟ.

ಎಣಿಕೆ ಎಷ್ಟು ಸುಲಭವಾಗಿ ಕಣ್ಣು ತಪ್ಪಿಸುತ್ತದೆ ಎಂಬುದಕ್ಕೆ ಮನೆಮನೆಯ ಒಪ್ಪೊತ್ತಿನ ವ್ರತವೇ ಸಾಕ್ಷಿ. ಸೋಮವಾರವೋ ಶನಿವಾರವೋ ಮಧ್ಯಾಹ್ನ ಒಂದೇ ಊಟವೆಂದು ನೇಮ ಹಿಡಿದವರು ರಾತ್ರಿ ಅನ್ನ ಮುಟ್ಟುವುದಿಲ್ಲ. ಆದರೆ ಫಲಾಹಾರವೆಂಬ ಹೆಸರಿನಲ್ಲಿ ತುಪ್ಪ ಹಾಕಿದ ರವೆ ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಎಲೆಗೆ ಬರುತ್ತವೆ. ಇದರಲ್ಲಿ ವಂಚನೆಯೇನೂ ಇಲ್ಲ, ಏಕೆಂದರೆ ವ್ರತ ದೇವರಿಗಾಗಿಯೇ ಹೊರತು ಸೊಂಟದ ಸುತ್ತಳತೆಗಾಗಿ ಅಲ್ಲ. ತೂಕ ಇಳಿಸುವವರ ಲೆಕ್ಕದಲ್ಲಿಯೂ ಊಟ ಒಂದೇ ಆಗಿದ್ದು, ಮೂರು ಲೋಟ ಕಾಫಿ, ಸಂಜೆಯ ಕೋಡುಬಳೆ, ಮಕ್ಕಳು ತಟ್ಟೆಯಲ್ಲಿ ಬಿಟ್ಟ ಎರಡು ತುತ್ತು ಲೆಕ್ಕಕ್ಕೆ ಸಿಗದೆ ಹೋಗುವುದು ಇದೇ ಬಗೆಯದು.

ಆದರೆ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಟ್ಟವರ ತೂಕವೂ ಒಂದು ಹಂತದಲ್ಲಿ ನಿಂತುಬಿಡುವುದೇಕೆ ಎಂಬುದು ಇನ್ನೂ ಗಹನವಾದ ಪ್ರಶ್ನೆ. ಸುಮ್ಮನೆ ಮಲಗಿದ್ದರೂ ಉಸಿರಾಟ, ಹೃದಯದ ಬಡಿತ, ಮೈಬಿಸಿ ಇವುಗಳಿಗಾಗಿ ದೇಹ ವ್ಯಯಿಸುವ ಶಕ್ತಿಯನ್ನು ವಿಶ್ರಾಂತಿ ಚಯಾಪಚಯವೆನ್ನುತ್ತಾರೆ. ಅದರ ಅಳತೆ ಕ್ಯಾಲೊರಿ. ಅಮೆರಿಕದ ತೂಕ ಇಳಿಸುವ ಟೀವಿ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರಾಸರಿ 58 ಕಿಲೋ ಇಳಿಸಿದ್ದ ಅವರಿಗೆ 41 ಕಿಲೋ ಮರಳಿ ಬಂದಿತ್ತು; ಅಷ್ಟು ಮೈ ತುಂಬಿದ ಮೇಲೂ ಅವರ ದೇಹ, ಆ ಗಾತ್ರದವರಿಂದ ನಿರೀಕ್ಷಿಸಬಹುದಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ವ್ಯಯಿಸುತ್ತಿತ್ತು. ಐನೂರು ಕ್ಯಾಲೊರಿಯೆಂದರೆ ಹೆಚ್ಚುಕಡಿಮೆ ಒಂದು ಹೊತ್ತಿನ ಊಟ. ಮನುಷ್ಯ ಬಹಳಷ್ಟು ತೂಕ ಇಳಿಸಿದಾಗ ದೇಹವೂ ಒಂದು ಹೊತ್ತಿನ ಖರ್ಚನ್ನು ತಾನಾಗಿ ಕಡಿತ ಮಾಡಿಕೊಳ್ಳಬಲ್ಲುದು ಎಂಬುದು ಇದರ ತಾತ್ಪರ್ಯ. ಇನ್ನು ಹಸಿವಿನ ಮಾತು: ಕೊಬ್ಬಿನ ಕೋಶಗಳಿಂದ ಹೊರಟು ಮಿದುಳಿಗೆ ‘ದಾಸ್ತಾನು ಇದೆ’ ಎಂದು ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಪತ್ತೆಯಾಯಿತು. ಹತ್ತು ವಾರ ಕಠಿಣ ಪಥ್ಯ ಮಾಡಿದವರಲ್ಲಿ ಅದು ಕುಗ್ಗಿ, ಹಸಿವೆ ಹೆಚ್ಚಿಸುವ ಗ್ರೆಲಿನ್ ಏರಿದ್ದುದೂ, ಒಂದು ವರ್ಷ ಕಳೆದರೂ ಅವು ಮೊದಲಿನ ಮಟ್ಟಕ್ಕೆ ಬಾರದಿದ್ದುದೂ ಆಸ್ಟ್ರೇಲಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿತು. ಪಥ್ಯ ಮುಗಿದರೂ ಹಸಿವೆ ಮುಗಿಯುವುದಿಲ್ಲ.

ಹಿಂದಿನವರಿಗೆ ಇದು ತೀರಾ ಅಪರಿಚಿತವಾದ ವಿಷಯವಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಅತಿಸ್ಥೌಲ್ಯಕ್ಕೆ, ಅಂದರೆ ಮಿತಿಮೀರಿದ ಬೊಜ್ಜಿಗೆ, ಅತಿಯಾದ ಊಟ, ವ್ಯಾಯಾಮದ ಅಭಾವ, ಹಗಲುನಿದ್ದೆಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ಹೆತ್ತವರಿಂದ ಬಂದ ಗುಣವನ್ನೂ, ಕಾರಣವಾಗಿ ಹೆಸರಿಸುತ್ತದೆ. ಮೇದಸ್ಸು ದಾರಿಗಳನ್ನು ಕಟ್ಟಿದಾಗ ವಾಯು ಹೊಟ್ಟೆಯಲ್ಲೇ ಸುಳಿದು ಜಠರಾಗ್ನಿಯನ್ನು ಕೆದರುವುದರಿಂದ ಬೊಜ್ಜಿನವನಿಗೆ ಹಸಿವೆ ಹೆಚ್ಚು ಎಂದು ಅದು ವಿವರಿಸುತ್ತದೆ. ವಿವರಣೆ ಇಂದಿನ ಶರೀರಶಾಸ್ತ್ರದ್ದಲ್ಲವಾದರೂ, ಹಸಿವನ್ನು ಚಪಲವೆನ್ನದೆ ದೇಹಸ್ಥಿತಿಯ ಫಲವೆಂದು ಕಂಡಿರುವುದು ಗಮನಾರ್ಹ. ಚಿಕಿತ್ಸೆಯಾಗಿ ಅದು ಉಪವಾಸವೊಂದನ್ನೇ ನೆಚ್ಚುವುದಿಲ್ಲ. ‘ಗುರು’ ಹಾಗೂ ‘ಅಪತರ್ಪಣ’, ಎಂದರೆ ಅರಗಲು ಹೊತ್ತು ಹಿಡಿಯುವ ಆದರೆ ಮೈ ಬೆಳೆಸದ, ಆಹಾರವನ್ನು ಹೇಳಿ ಜವೆಗೋಧಿ, ಹಾರಕ, ಹೆಸರು, ಹುರುಳಿಗಳನ್ನು ಸೂಚಿಸುತ್ತದೆ, ವ್ಯಾಯಾಮವನ್ನೂ ಕ್ರಮಕ್ರಮವಾಗಿ ಹೆಚ್ಚಿಸಬೇಕೆನ್ನುತ್ತದೆ.

ಈಗ ಗಾದೆಯ ಮೂರನೆಯ ಪಾದಕ್ಕೆ ಬರಬಹುದು. ಮೂರು ಹೊತ್ತು ಉಂಡವ ದಢೂತಿಯಾಗುತ್ತಾನೆಂದು ಗಾದೆ ಹೇಳಿಲ್ಲ, ರೋಗಿಯಾಗುತ್ತಾನೆಂದು ಹೇಳಿದೆ. ಅದರ ಕಣ್ಣಿರುವುದು ಆರೋಗ್ಯದ ಮೇಲೆ, ಗಾತ್ರದ ಮೇಲಲ್ಲ. ಈ ಭೇದ ಎಷ್ಟು ಮುಖ್ಯವೆಂಬುದನ್ನು ಚೆನ್ನೈನಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಮಧುಮೇಹ ತಡೆ ಅಧ್ಯಯನ ತೋರಿಸುತ್ತದೆ. ಸಕ್ಕರೆಕಾಯಿಲೆಯ ಹೊಸ್ತಿಲಲ್ಲಿದ್ದವರನ್ನು ಗುಂಪು ಮಾಡಿ, ಒಂದು ಗುಂಪಿಗೆ ದಿನವೂ ನಡಿಗೆಯನ್ನೂ ಆಹಾರದ ಮಾರ್ಪಾಟನ್ನೂ ಹೇಳಿಕೊಟ್ಟಾಗ, ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆ ಪಡೆದವರಲ್ಲಿ ಶೇ. 55ರಷ್ಟು ಮಂದಿಗೆ ಮಧುಮೇಹ ಬಂದರೆ ಈ ಗುಂಪಿನಲ್ಲಿ ಶೇ. 39ರಷ್ಟು ಮಂದಿಗೆ ಬಂತು. ಆದರೆ ಇವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ. ತಕ್ಕಡಿಯ ಮುಂದೆ ಸೋತಂತೆ ಕಂಡವರು ರೋಗದ ಮುಂದೆ ಗೆದ್ದಿದ್ದರು. ತೂಕ ಇಳಿದರೆ ಮಂಡಿನೋವಿಗೂ ರಕ್ತದೊತ್ತಡಕ್ಕೂ ಅನುಕೂಲವೆಂಬುದು ನಿಜ, ಅಕಾರಣವಾಗಿ ಮೈ ಬಂದರೆ ಥೈರಾಯ್ಡ್ ಮೊದಲಾದ ತೊಂದರೆಗಳನ್ನು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕೆಂಬುದೂ ನಿಜ. ಆದರೆ ಮುಳ್ಳು ಕದಲಲಿಲ್ಲವೆಂದು ನಡಿಗೆಯನ್ನೂ ಪಥ್ಯವನ್ನೂ ಬಿಟ್ಟುಬಿಡುವುದು ಬಂದ ಲಾಭವನ್ನು ಒದ್ದಂತೆ.

ನಾಲ್ಕನೆಯ ಪಾದ ಪ್ರಾಸಕ್ಕಾಗಿ ಬಂದ ನಗೆಮಾತು. ಅದನ್ನು ಮೈ ಇಳಿಯದವರ ಮುಖಕ್ಕೆ ಹಿಡಿಯುವುದು ಗಾದೆಯ ಅಭಿಪ್ರಾಯವಲ್ಲ. ಬೀಜಸ್ವಭಾವವೂ ಹಾರ್ಮೋನುಗಳೂ ಅಡ್ಡ ನಿಂತಿರುವಲ್ಲಿ ಛಲವಿಲ್ಲವೆಂಬ ಆರೋಪಕ್ಕೆ ಆಧಾರವಿಲ್ಲ. ಎಷ್ಟು ಹೊತ್ತು ಉಣ್ಣಬೇಕೆಂಬುದು ಎಂಥ ಬದುಕು ಬದುಕುತ್ತಿದ್ದೇವೆಂಬುದರಿಂದ ತೀರ್ಮಾನವಾಗಬೇಕಾದ ಮಾತು. ಬದುಕಿನ ಕ್ರಮವನ್ನು ಮೊದಲು ತಿದ್ದಿ, ಅದಕ್ಕೆ ಹೊಂದುವ ಊಟವನ್ನು ಆಮೇಲೆ ಗೊತ್ತುಮಾಡಿಕೊಂಡು, ಫಲವನ್ನು ತೂಕವೊಂದರಲ್ಲೇ ಹುಡುಕದೆ ರಕ್ತದ ಸಕ್ಕರೆಯಲ್ಲಿ, ಒತ್ತಡದಲ್ಲಿ, ಮೆಟ್ಟಿಲು ಹತ್ತುವಾಗಿನ ಉಸಿರಿನಲ್ಲಿ ನೋಡುವವರು ಎಷ್ಟು ಹೊತ್ತು ಉಂಡರೂ ಗಾದೆಯ ಆಶಯಕ್ಕೆ ಹತ್ತಿರದವರೇ.