ಹುಲ್ಲು, ಅರಣಿ, ಮಣಿ ಮತ್ತು ಕಟಿಂಗ್ ಟಾರ್ಚ್

ಬೇರೆ ಬೇರೆ ಕಾರಣಗಳಿಂದ ಒಂದೇ ಕಾರ್ಯ ಹುಟ್ಟಬಹುದೇ ಎಂಬುದು ಭಾರತೀಯ ತರ್ಕಶಾಸ್ತ್ರ ಬಹುಕಾಲ ಕೈಬಿಡದೆ ಚರ್ಚಿಸಿದ ಪ್ರಶ್ನೆ. ಅದಕ್ಕೆ ಶಾಸ್ತ್ರಕಾರರು ಆರಿಸಿಕೊಂಡ ಉದಾಹರಣೆ ಬೆಂಕಿಯದು. ಹುಲ್ಲನ್ನು ಊದಿ ಬೆಂಕಿ ಮಾಡಬಹುದು, ಅರಣಿ ಎಂಬ ಕಟ್ಟಿಗೆಯನ್ನು ಕಡೆದು ಮಾಡಬಹುದು, ಸೂರ್ಯಕಾಂತ ಮಣಿಯನ್ನು ಬಿಸಿಲಿಗೆ ಹಿಡಿದೂ ಮಾಡಬಹುದು. ಹುಲ್ಲಿಲ್ಲದೆಯೂ ಬೆಂಕಿ ಹುಟ್ಟುತ್ತದೆ ಎಂದಮೇಲೆ ಹುಲ್ಲನ್ನು ಬೆಂಕಿಗೆ ಕಾರಣ ಎನ್ನುವುದು ಹೇಗೆ? ಯಾವುದಿಲ್ಲದೆ ಕಾರ್ಯ ಆಗದೋ ಅದೇ ಕಾರಣ ಎಂಬ ನಿಯಮ ಇಲ್ಲಿ ಮುರಿದುಬೀಳುತ್ತದೆ. ಈ ದೋಷಕ್ಕೆ ವ್ಯಭಿಚಾರ ಎಂದೂ ಇಡೀ ಚರ್ಚೆಗೆ ತೃಣಾರಣಿಮಣಿ ನ್ಯಾಯ ಎಂದೂ ಹೆಸರು.

ಗ್ಯಾಸ್ ಕಟಿಂಗ್ ಶೆಡ್ಡಿನಲ್ಲಿ ಈ ಪ್ರಶ್ನೆ ಕಣ್ಣೆದುರೇ ನಿಂತಿದೆ. ಡಿಎ (ಡಿಸಾಲ್ವ್ಡ್ ಅಸಿಟಲೀನ್) ಸಿಲಿಂಡರಿನ ಅಸಿಟಲೀನ್ ಉರಿಸಿದರೂ ಕಬ್ಬಿಣದ ಪ್ಲೇಟು ಎರಡಾಗುತ್ತದೆ, ಅದನ್ನು ಬಿಟ್ಟು ಪ್ರೊಪೇನ್ ಉರಿಸಿದರೂ ಎರಡಾಗುತ್ತದೆ. ಹಾಗಾದರೆ ಕತ್ತರಿಸಿದ್ದು ಯಾವುದು?

ಮೀಮಾಂಸಕರ ಉತ್ತರ ಸರಳ. ಹುಲ್ಲು, ಅರಣಿ, ಮಣಿ ಮೂರರಲ್ಲೂ ಕಣ್ಣಿಗೆ ಕಾಣದ ಒಂದೇ ಶಕ್ತಿಯಿದೆ. ಬೆಂಕಿಗೆ ನಿಜವಾದ ಕಾರಣ ಅದು. 10–11ನೇ ಶತಮಾನದ ನೈಯಾಯಿಕ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಇದನ್ನು ಒಪ್ಪಲಿಲ್ಲ. ಮೂರರಲ್ಲೂ ಇರುವುದು ಒಂದೇ ಶಕ್ತಿಯಾಗಿದ್ದರೆ ಹುಲ್ಲನ್ನು ಕಡೆದರೂ, ಅರಣಿಯನ್ನು ಊದಿದರೂ ಬೆಂಕಿ ಬರಬೇಕಿತ್ತು. ಬರುವುದಿಲ್ಲ. ಊದುವುದು ಹುಲ್ಲಿಗೆ ಮಾತ್ರ, ಕಡೆಯುವುದು ಅರಣಿಗೆ ಮಾತ್ರ, ಬಿಸಿಲು ಮಣಿಗೆ ಮಾತ್ರ. ಆದ್ದರಿಂದ ಹುಟ್ಟಿದ ಬೆಂಕಿಗಳೂ ಒಂದೇ ಜಾತಿಯವಲ್ಲ ಎಂಬುದು ಅವರ ನಿಲುವು. ದೀಪದ ಕುಡಿ ಮನೆ ತುಂಬ ಬೆಳಕು ಹರಡುತ್ತದೆ, ಭುಗಿಲೆದ್ದ ಸೌದೆಯ ಬೆಂಕಿಗೆ ಅಷ್ಟು ಬೆಳಕಿಲ್ಲ, ಬೆರಣಿಯ ಬೆಂಕಿಗೆ ಇನ್ನೂ ಕಡಿಮೆ ಎಂದು ಅವರು ತೋರಿಸುತ್ತಾರೆ. ಒಂದೇ ಎಂದುಕೊಂಡ ಕಾರ್ಯವನ್ನು ಹತ್ತಿರ ಹೋಗಿ ನೋಡಿ ಎನ್ನುವ ಈ ಒತ್ತಾಯವೇ ಆ ವಾದದ ಜೀವಾಳ.

ಹಾಗೆ ಹತ್ತಿರದಿಂದ ನೋಡಿದರೆ ಟಾರ್ಚಿನ ಮೂತಿಯಲ್ಲಿ ನಡೆಯುವುದು ಒಂದು ಕೆಲಸವಲ್ಲ, ಎರಡು. ನಾಜಲ್ಲಿನ ಸುತ್ತಲಿನ ಸಣ್ಣ ಜ್ವಾಲೆಗಳು ಪ್ಲೇಟಿನ ಅಂಚನ್ನು ಕಾಯಿಸುತ್ತವೆ. ಒಂದು ಚುಕ್ಕೆಯಷ್ಟು ಜಾಗ ಕೆಂಪಗಾಗಿ ಹೊಳೆಯತೊಡಗುತ್ತದೆ. ಆಗ ಕೆಲಸಗಾರ ಲಿವರ್ ಒತ್ತುತ್ತಾನೆ. ನಡುವಿನ ತೂತಿನಿಂದ ಶುದ್ಧ ಆಕ್ಸಿಜನ್ ನುಗ್ಗುತ್ತದೆ. ಪ್ಲೇಟಿನ ಕೆಳಗೆ ಕಿಡಿಗಳ ಮಳೆ ಸುರಿಯುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿಗೆ ಕಾದ ಉಕ್ಕು ಆಕ್ಸಿಜನ್ನಿನಲ್ಲಿ ತಾನೇ ಉರಿಯುತ್ತದೆ. ಹುಟ್ಟಿದ ಆಕ್ಸೈಡ್ ಉಕ್ಕಿಗಿಂತ ಕಡಿಮೆ ಶಾಖದಲ್ಲಿ ಕರಗಿ, ಕಿಟ್ಟವಾಗಿ ಕೆಳಗೆ ಹಾರಿಹೋಗುತ್ತದೆ. ಅಂದರೆ ಸೀಳಿನಲ್ಲಿ ಮುಖ್ಯ ಉರುವಲು ಗ್ಯಾಸಲ್ಲ, ಕಬ್ಬಿಣ. ಆಕ್ಸಿಜನ್ ಲಾನ್ಸ್ ಎಂಬ ಉಕ್ಕಿನ ಕೊಳವೆಯನ್ನು ಒಮ್ಮೆ ಹೊತ್ತಿಸಿದರೆ ಯಾವ ಇಂಧನ ಗ್ಯಾಸೂ ಇಲ್ಲದೆ ಆಕ್ಸಿಜನ್ನಿನಲ್ಲೇ ಅದು ಉರಿಯುತ್ತ ಹೋಗುವುದು ಇದಕ್ಕೆ ಸಾಕ್ಷಿ.

ಹೀಗೆ ಬಿಡಿಸಿದಾಗ ವ್ಯಭಿಚಾರದ ಗಂಟು ಸಡಿಲವಾಗುತ್ತದೆ. ಅಸಿಟಲೀನ್ ಮತ್ತು ಪ್ರೊಪೇನ್ ಎರಡೂ ಕತ್ತರಿಸುವಿಕೆಗೆ ನೇರ ಕಾರಣಗಳಲ್ಲ, ಕಾಯಿಸುವಿಕೆಗೆ ಕಾರಣಗಳು. ಕಾದ ಕಬ್ಬಿಣ ಮತ್ತು ಆಕ್ಸಿಜನ್ ಮಾತ್ರ ಎರಡು ಸಂದರ್ಭಗಳಲ್ಲೂ ತಪ್ಪದೆ ಇರುತ್ತವೆ.

ಕಾಯಿಸುವ ಕೆಲಸದಲ್ಲಾದರೂ ಎರಡು ಗ್ಯಾಸುಗಳು ಸಮವೇ? ಇಲ್ಲಿ ಉದಯನರ ಪಕ್ಷವೇ ಗಟ್ಟಿ. ಆಕ್ಸಿಜನ್ನಿನೊಡನೆ ಅಸಿಟಲೀನ್ ಜ್ವಾಲೆ ಸುಮಾರು 3,100 ಡಿಗ್ರಿ ಮುಟ್ಟುತ್ತದೆ, ಪ್ರೊಪೇನಿನದು ಸುಮಾರು 2,800. ಆದರೆ ಒಂದು ಘನ ಮೀಟರ್ ಪ್ರೊಪೇನ್ ಕೊಡುವ ಒಟ್ಟು ಶಾಖ ಸುಮಾರು 93 ಮೆಗಾಜೂಲ್, ಅಸಿಟಲೀನಿನದು ಸುಮಾರು 55. ಬಿಸಿ ಹೆಚ್ಚಿರುವುದು ಬೇರೆ, ಶಾಖ ಹೆಚ್ಚಿರುವುದು ಬೇರೆ. ಅಸಿಟಲೀನ್ ತನ್ನ ಶಾಖದ ದೊಡ್ಡ ಪಾಲನ್ನು ಒಳಗಿನ ಚೂಪು ಜ್ವಾಲೆಯಲ್ಲಿ ಸುರಿಯುತ್ತದೆ. ಪ್ರೊಪೇನ್ ಬಹುಪಾಲನ್ನು ಹೊರಗಿನ ಅಗಲ ಜ್ವಾಲೆಗೆ ಬಿಡುತ್ತದೆ. ಹಾಗಾಗಿ ಅಸಿಟಲೀನಿನಲ್ಲಿ ಚುಕ್ಕೆ ಬೇಗ ಕೆಂಪಗಾಗುತ್ತದೆ, ಪ್ರೊಪೇನಿನಲ್ಲಿ ಕಾಯಬೇಕು. ದಪ್ಪ ಪೈಪು ಬಗ್ಗಿಸಲು ಇಡೀ ಭಾಗ ಕಾಯಿಸಬೇಕಾದಾಗ ಪ್ರೊಪೇನೇ ಮೇಲು.

ಊದುವುದು ಹುಲ್ಲಿಗೆ, ಕಡೆಯುವುದು ಅರಣಿಗೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಒಂದು ಪಾಲು ಅಸಿಟಲೀನಿಗೆ ಸಿಲಿಂಡರಿನಿಂದ ಒಂದು ಪಾಲಿಗಿಂತ ತುಸು ಹೆಚ್ಚು ಆಕ್ಸಿಜನ್ ಸಾಕು, ಪ್ರೊಪೇನಿಗೆ ಸುಮಾರು ನಾಲ್ಕು ಪಾಲು ಬೇಕು. ಅಸಿಟಲೀನಿನ ನಾಜಲ್ ಒಂದೇ ತುಂಡಿನದು. ಪ್ರೊಪೇನಿಗೆ ಸಾಮಾನ್ಯವಾಗಿ ಎರಡು ತುಂಡಿನ, ಒಳಗೆ ಗೀರುಗಳಿರುವ ನಾಜಲ್. ಅಸಿಟಲೀನಿಗೆಂದೇ ಮಾಡಿದ ಹೋಸ್ ಪ್ರೊಪೇನಿಗೆ ಬಾಳುವುದಿಲ್ಲ. ಹೀಗೆ ಜೊತೆಗೂಡುವ ಸಹಕಾರಿ ಕಾರಣಗಳನ್ನು ಅದಲುಬದಲು ಮಾಡಿದರೆ ಕೆಲಸ ಕೆಡುವುದಷ್ಟೇ ಅಲ್ಲ, ಜೀವಕ್ಕೂ ಅಪಾಯ.

ಅಸಿಟಲೀನಿನ ವಿಷಯದಲ್ಲಿ ಮೀಮಾಂಸಕರ ಶಕ್ತಿಯನ್ನು ನೆನೆಯುವ ಆಸೆಯಾಗುವುದು ಸಹಜ. ಆ ಅಣು ರೂಪುಗೊಳ್ಳುವಾಗಲೇ ಒಂದು ಮೋಲಿಗೆ 227 ಕಿಲೋಜೂಲ್ ಶಕ್ತಿಯನ್ನು ಹೀರಿಕೊಂಡಿರುತ್ತದೆ. ಒಡೆದಾಗ ಅದನ್ನು ಹೊರಗೆ ಬಿಡುತ್ತದೆ. ಆದ್ದರಿಂದಲೇ ಒತ್ತಡ ಹೆಚ್ಚಿದರೆ ಆಕ್ಸಿಜನ್ ಇಲ್ಲದೆಯೂ ಅಸಿಟಲೀನ್ ಸ್ಫೋಟಿಸಬಲ್ಲದು, ಆದ್ದರಿಂದಲೇ ಅದನ್ನು ಸಿಲಿಂಡರಿನೊಳಗಿನ ರಂಧ್ರಮಯ ವಸ್ತುವಿನಲ್ಲಿ ಅಸಿಟೋನಿನಲ್ಲಿ ಕರಗಿಸಿ ಇಡುತ್ತಾರೆ. ಆದರೆ ಅಳತೆಗೆ ಸಿಕ್ಕುವ ಈ ಶಕ್ತಿ ಎರಡು ಗ್ಯಾಸುಗಳಿಗೂ ಸಮಾನವಾದದ್ದಲ್ಲ. ಅವನ್ನು ಬೇರ್ಪಡಿಸುವುದೇ ಅದು. ಪ್ರೊಪೇನಿಗೆ ಆ ಗುಣವಿಲ್ಲ. ಅದರ ಅಪಾಯ ಬೇರೆ ಬಗೆಯದು: ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಸೋರಿದರೆ ಗುಂಡಿ, ಚರಂಡಿಗಳಲ್ಲಿ ತಂಗುತ್ತದೆ.

ವೆಲ್ಡಿಂಗಿಗೆ ಬಂದರೆ ಬೆಂಕಿಗಳ ಜಾತಿಭೇದ ಮುಚ್ಚಿಡಲಾಗದಷ್ಟು ಸ್ಪಷ್ಟ. ಅಸಿಟಲೀನಿನ ಒಳಜ್ವಾಲೆಯಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಕರಗಿದ ಉಕ್ಕಿಗೆ ಆಕ್ಸಿಜನ್ ತಾಗದಂತೆ ಕಾಯುತ್ತವೆ. ಪ್ರೊಪೇನ್ ಜ್ವಾಲೆಯನ್ನು ಬೇಕಾದಷ್ಟು ಬಿಸಿ ಮಾಡಹೊರಟರೆ ಆಕ್ಸಿಜನ್ ಹೆಚ್ಚಾಗಿ ಬೆಸುಗೆಯೇ ಸುಡುತ್ತದೆ. ಬ್ರೇಜಿಂಗಿಗೆ ಪ್ರೊಪೇನ್ ಸಾಕು, ಉಕ್ಕಿನ ವೆಲ್ಡಿಂಗಿಗೆ ಅಲ್ಲ.

ಶಕ್ತಿವಾದಿಗಳಾದ ಮೀಮಾಂಸಕರ ಇನ್ನೊಂದು ವಾದವೂ ಇತ್ತು. ಒಂದು ಬಗೆಯ ಮಣಿ ಹತ್ತಿರವಿದ್ದರೆ ಬೆಂಕಿ ಇದ್ದೂ ಸುಡುವುದಿಲ್ಲ. ಬೆಂಕಿಯ ಶಕ್ತಿ ಕುಂದಿತು ಎಂದೇ ಹೇಳಬೇಕು ಎನ್ನುತ್ತಿದ್ದರು. ನೈಯಾಯಿಕರು ಶಕ್ತಿಯ ಮಾತೇ ಬೇಡ, ತಡೆ ಇಲ್ಲದಿರುವುದೂ ಒಂದು ಕಾರಣ ಎಂದು ಎಣಿಸಿದರೆ ಸಾಕು ಎಂದರು. ಸ್ಟೇನ್‌ಲೆಸ್ ಸ್ಟೀಲ್ ಅಂಥ ಸಂದರ್ಭ. ಜ್ವಾಲೆಯಿದೆ, ಆಕ್ಸಿಜನ್ನಿದೆ, ಲೋಹ ಕೆಂಪಗಾಗಿದೆ. ಸೀಳು ಮಾತ್ರ ಮುಂದೆ ಸಾಗುವುದಿಲ್ಲ. ಅದರಲ್ಲಿನ ಕ್ರೋಮಿಯಂ ಹುಟ್ಟಿಸುವ ಆಕ್ಸೈಡ್ ಕರಗಲು 2,400 ಡಿಗ್ರಿಗೂ ಹೆಚ್ಚು ಬೇಕು. ಅದು ಹೊದಿಕೆಯಾಗಿ ಕೂತು ಆಕ್ಸಿಜನ್ನನ್ನು ತಡೆಯುತ್ತದೆ. ಗ್ಯಾಸ್ ಬದಲಿಸಿ ಪ್ರಯೋಜನವಿಲ್ಲ. ತಡೆಯಿದ್ದರೂ ಕಾರ್ಯ ನಡೆಸಿಬಿಡುವ ವಸ್ತುವಿಗೆ ನ್ಯಾಯಶಾಸ್ತ್ರ ಉತ್ತೇಜಕ ಎನ್ನುತ್ತದೆ; ಇಲ್ಲಿ ಆ ಪಾತ್ರ ನುಣ್ಣನೆಯ ಕಬ್ಬಿಣದ ಪುಡಿಯದು. ಆಕ್ಸಿಜನ್ ಧಾರೆಗೆ ಅದನ್ನು ಊಡಿಸಿದರೆ ಪುಡಿ ಉರಿದು ಶಾಖ ಏರುತ್ತದೆ, ಆಕ್ಸೈಡಿನ ಹೊದಿಕೆ ಕರಗಿದ ಕಿಟ್ಟದಲ್ಲಿ ಕೊಚ್ಚಿಹೋಗಿ ಸ್ಟೇನ್‌ಲೆಸ್ ಸ್ಟೀಲೂ ತುಂಡಾಗುತ್ತದೆ.